ಕಲ್ಲಿನ ಮೇಲಿನ ಎಂಟು

ಬಚ್ಚಲು ಉಜ್ಜುವ ಬ್ರಷ್ಷನ್ನು ಅವನು ಚೀಲಕ್ಕೆ ತುರುಕುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೂ ಹೇಳದೆ ಸುಮ್ಮನೆ ನೋಡುವುದು ಅವಳ ಹಳೆಯ ವಿದ್ಯೆ. ಇಪ್ಪತ್ತಾರು ವರ್ಷದಲ್ಲಿ ಅದರ ಮುಂದೆ ಅವನು ಒಮ್ಮೆಯೂ ಗೆದ್ದವನಲ್ಲ. “ಮೆತ್ತಗಿರೋ ಬ್ರಷ್ಷೇ ಬೇಕು. ಗಟ್ಟಿ ಬ್ರಷ್ಷಲ್ಲಿ ಉಜ್ಜಿದ್ರೆ ಗೋರಿಗಲ್ಲಿನ ಅಕ್ಷರ ಸವೆಯುತ್ತೆ” ಎಂದು, ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟ. “ನಮ್ಮ ಬಚ್ಚಲು ಉಜ್ಜಿ ಅಂತ ಮೂರು ತಿಂಗಳಿಂದ ಬಡ್ಕೊಳ್ತಾ ಇದೀನಿ. ಸತ್ತೋರೇ ಪುಣ್ಯವಂತರು ಬಿಡ್ರೀ. ಹೋಗಿ, ಅಲ್ಲಾದ್ರೂ ಉಜ್ಜಿ” ಎಂದಳು ಅವಳು. ಬೇರೆ ಭಾನುವಾರವಾಗಿದ್ದರೆ ಅವನು ನಗುತ್ತಿದ್ದ. ಇವತ್ತು ಮೂರು ಎಂಬ ಅಂಕಿ ಕಿವಿಗೆ ಬಿದ್ದು, ಗಡಿಯಾರದ ಮುಳ್ಳು ಎಂಟರ ಮೇಲೆ ನಿಂತದ್ದೂ ಕಣ್ಣಿಗೆ ಬಿದ್ದು, ಅವನು ತಲೆ ತಗ್ಗಿಸಿ ಚೀಲದ ಬಾಯಿ ಕಟ್ಟಿದ. ಮೂರು ದಿನದ ಹಿಂದೆ ಆಟದ ಗೆಳೆಯ ಕಂಪೌಂಡರ್ ಕಳಿಸಿದ್ದ ಸಂದೇಶ ಫೋನಿನಲ್ಲಿ ಹಾಗೇ ಇತ್ತು. ಅವನು ಅದನ್ನು ಹದಿನೈದು ಸಲವಾದರೂ ಓದಿದ್ದ. ‘ಗುರುಗಳೇ, ಸಂತೋಷದ ಸುದ್ದಿ. ದೊಡ್ಡಮ್ಮ ತಮ್ಮ ಹೊಲದ ಗೋರಿಗಳಿಗೆ ಕಲ್ಲುಕುಟಿಗನನ್ನು ಕರೆಸಿದ್ದಾರೆ. ಮಾಸಿಹೋದ ಅಕ್ಷರ, ಅಂಕಿ ಎಲ್ಲವನ್ನೂ ಆಳವಾಗಿ ಮತ್ತೆ ಕೆತ್ತಿಸುತ್ತಾರಂತೆ. ಇನ್ನು ಇನ್ನೂರು ವರ್ಷ ಯೋಚನೆಯಿಲ್ಲ. ಭಾನುವಾರ ನಾವು ಹೋಗಿ ಹುಲ್ಲು ಕಿತ್ತು ಕಲ್ಲು ತೊಳೆದುಕೊಡೋಣ.’ ಇನ್ನೂರು ವರ್ಷ ಎಂದಿದ್ದ ಪುಣ್ಯಾತ್ಮ, ಏನೋ ಒಳ್ಳೆಯ ಮಾತು ಆಡುವವನ ಹಾಗೆ.

ಅವನು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ ಹಿಡಿದು ಅಂಗಡಿ ಅಂಗಡಿಗೆ ಹೋಗಿ, ವ್ಯಾಪಾರಿಯ ಬಟ್ಟನ್ನು ತನ್ನ ಬಟ್ಟಿನ ಎದುರು ತಕ್ಕಡಿಯಲ್ಲಿಟ್ಟು, ಸರಿಯಿದ್ದರೆ ಅದರ ತಳದ ಸೀಸದ ಮೇಲೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಬಟ್ಟನ್ನು ಚೀಲಕ್ಕೆ ಹಾಕಿಕೊಂಡು ಬರುವುದು. ಒಮ್ಮೆ ಒಬ್ಬ ಮುದುಕ ಕಿರಾಣಿಯವನು ಐದು ಗ್ರಾಂ ವ್ಯತ್ಯಾಸಕ್ಕೆ ಗಿರಾಕಿಗಳ ಎದುರೇ ಗಳಗಳ ಅತ್ತಿದ್ದ. ಬಟ್ಟು ಸವೆದಿದೆ, ನಾನೂ ಸವೆದಿದ್ದೇನೆ ಎಂದಿದ್ದ. ಇವನು ಕರಗಲಿಲ್ಲ. ಐದು ಅಂದರೆ ಐದೇ ಎಂದಿದ್ದ. ಮನೆಯಲ್ಲೂ ಹಾಗೆಯೇ, ಗೋಡೆಯ ಕ್ಯಾಲೆಂಡರ್ ಕೂದಲೆಳೆ ವಾಲಿದ್ದರೂ ಊಟ ಬಿಟ್ಟು ಎದ್ದು ಸರಿಮಾಡುವವನು. ಡಬ್ಬಿ ಹುಡುಕುವ ಆಟಕ್ಕೆ ಸೇರುವಾಗ ಅಡ್ಡಹೆಸರು ಬೇಕು ಎಂದಾಗ, ಚಿನ್ನ ತೂಗುವ ಪುಟ್ಟ ಕಾಳಿನ ಹೆಸರು, ಗುಲಗಂಜಿ ಎಂದು ಬರೆದುಕೊಟ್ಟ. ಅವನ ಸೊಕ್ಕಿಗೆ ಅದಕ್ಕಿಂತ ಚಿಕ್ಕ ಹೆಸರು ಸಿಕ್ಕಿರಲಿಲ್ಲ.

ಆಟ ಇಷ್ಟೇ. ಒಬ್ಬ ನೀರಿಳಿಯದ ಒಂದು ಡಬ್ಬಿಯನ್ನು ಎಲ್ಲಾದರೂ ಬಚ್ಚಿಟ್ಟು ಆ ಜಾಗದ ಅಕ್ಷಾಂಶ ರೇಖಾಂಶವನ್ನು ಆಟದ ವೆಬ್‌ಸೈಟಿಗೆ ಹಾಕುತ್ತಾನೆ. ಉಳಿದವರು ಫೋನು ಹಿಡಿದು ಹೋಗಿ ಹುಡುಕುತ್ತಾರೆ. ಸಿಕ್ಕರೆ ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಮನಸ್ಸಾದರೆ ಒಂದು ಗೋಲಿಯನ್ನೋ ಗುಂಡಿಯನ್ನೋ ಅದರಲ್ಲಿಟ್ಟು, ಡಬ್ಬಿಯನ್ನು ಇದ್ದ ಹಾಗೆಯೇ ಮುಚ್ಚಿಟ್ಟು ಬರುತ್ತಾರೆ. ಬಹುಮಾನವಿಲ್ಲ, ಚಪ್ಪಾಳೆಯಿಲ್ಲ, ಬೆಳೆದ ಗಂಡಸರು ಪೊದೆಯಲ್ಲಿ ತಲೆ ತೂರಿಸಿ ಅಂಡು ಮೇಲೆ ಮಾಡಿ ನಿಲ್ಲುವ ಸುಖವೊಂದೇ ಲಾಭ ಎಂದು ಹೆಂಡತಿ ಹೇಳುತ್ತಾಳೆ. ಇವನ ಡಬ್ಬಿಗಳಿಗೆ ಮಾತ್ರ ಬೇರೆಯೇ ಖ್ಯಾತಿಯಿತ್ತು. ಊರಾಚೆ ಹೊಲಗಳ ಮೂಲೆಯಲ್ಲಿ, ಮೊಣಕಾಲೆತ್ತರದ ಕಲ್ಲುಗೋಡೆಯೊಳಗೆ, ಒಂದೊಂದು ಮನೆತನದವರು ತಮ್ಮವರನ್ನು ಮಣ್ಣು ಮಾಡಿದ ಸಣ್ಣ ಸಣ್ಣ ಜಾಗಗಳಿರುತ್ತವಲ್ಲ, ಆರು ಕಲ್ಲು, ಹತ್ತು ಕಲ್ಲು, ಅಂಥವನ್ನೇ ಅವನು ಹುಡುಕಿ ಆರಿಸುತ್ತಿದ್ದ. ಜಾಗವನ್ನು ನೇರ ಹೇಳದೆ ಲೆಕ್ಕ ಕೊಡುತ್ತಿದ್ದ: ಎಡದಿಂದ ಮೂರನೆಯ ಗೋರಿಗಲ್ಲಿನಲ್ಲಿ ಹುಟ್ಟಿದ ಇಸವಿಯ ಕೊನೆಯ ಅಂಕಿ ತೆಗೆದುಕೊಳ್ಳಿ, ಐದನೆಯದರಲ್ಲಿ ಸತ್ತ ಇಸವಿಯ ಮೂರನೆಯ ಅಂಕಿ ಕೂಡಿಸಿ, ಹೀಗೆ. ಕೂಡಿಸಿ ಕಳೆದು ಬಂದ ಅಂಕಿಗಳೇ ಡಬ್ಬಿಯ ವಿಳಾಸ. ಹೀಗೆ ಹತ್ತೊಂಬತ್ತು ಲೆಕ್ಕದ ಡಬ್ಬಿಗಳನ್ನು ಇಟ್ಟಿದ್ದ. ವೆಬ್‌ಸೈಟಿನಲ್ಲಿ ಲೆಕ್ಕ ಬದಲಿಸಿದರೆ ಪಕ್ಕದಲ್ಲಿ ‘ತಿದ್ದಲಾಗಿದೆ’ ಎಂದು ಸಣ್ಣ ಕೆಂಪು ಅಕ್ಷರ ಬೀಳುತ್ತದೆ. ಹತ್ತೊಂಬತ್ತರಲ್ಲಿ ಒಂದಕ್ಕೂ ಆ ಕೆಂಪು ಬಿದ್ದಿರಲಿಲ್ಲ. ಕೆಲವರಿಗೆ ಮಕ್ಕಳ ಮಾರ್ಕ್ಸ್ ಕಾರ್ಡು ಹೇಗೋ ಅವನಿಗೆ ಆ ಪುಟ ಹಾಗೆ.

ಕಾರು ಹೆದ್ದಾರಿ ಬಿಟ್ಟು ಮಣ್ಣುದಾರಿಗೆ ಇಳಿಯುವಾಗ ಅವನಿಗೆ ಹೆಬ್ಬಾತುಗಳ ನೆನಪಾಯಿತು. ಎರಡು ವರ್ಷದ ಹಿಂದೆ ಎಲ್ಲ ಸುರುವಾದದ್ದು ಆ ದರಿದ್ರ ಹಕ್ಕಿಗಳಿಂದ. ದೊಡ್ಡಮ್ಮನ ಹೊಲದಂಚಿನ ಗೋರಿಗಳಲ್ಲಿ ಹನ್ನೊಂದು ಕಲ್ಲು. ಹತ್ತನ್ನು ಅವನು ಭೂತಗನ್ನಡಿ ಹಿಡಿದು, ಬೆರಳಾಡಿಸಿ, ಎರಡೆರಡು ಸಲ ಓದಿ ಬರೆದುಕೊಂಡಿದ್ದ. ಹನ್ನೊಂದನೆಯದು ಮೂಲೆಯ ಚಿಕ್ಕ ಕಲ್ಲು, ಒಂದು ಹೆಣ್ಣುಮಗುವಿನದು. ಅದರ ಹತ್ತಿರ ಬಗ್ಗುವಷ್ಟರಲ್ಲಿ ಕೊಳದ ಕಡೆಯಿಂದ ನಾಲ್ಕು ಹೆಬ್ಬಾತುಗಳು ಕತ್ತು ಚಾಚಿಕೊಂಡು ಬಂದವು. ಅಂಗಡಿಯವರನ್ನೆಲ್ಲ ನಡುಗಿಸುವ ಸರ್ಕಾರಿ ಅಧಿಕಾರಿ ಗೋಡೆ ಹಾರಿ ಓಡಿದ. ಓಡಿ ಗೋಡೆಯಾಚೆ ನಿಂತು, ಏದುಸಿರು ಬಿಡುತ್ತ, ದೂರದಿಂದಲೇ ಪಾಚಿ ಹಿಡಿದ ಕಲ್ಲಿನ ಇಂಗ್ಲಿಷ್ ಅಂಕಿಗಳನ್ನು ಓದಿ ಪುಸ್ತಕದಲ್ಲಿ ಬರೆದುಕೊಂಡ: ಹುಟ್ಟಿದ್ದು ಸಾವಿರದ ಎಂಟುನೂರ ಎಪ್ಪತ್ತು, ಸತ್ತದ್ದು ಎಪ್ಪತ್ತೆಂಟು. ಆ ಎಂಟನ್ನು ನಂಬಿ ಲೆಕ್ಕ ಕಟ್ಟಿದ, ಉತ್ತರದ ಗೋಡೆಯಲ್ಲಿ ಸಡಿಲ ಕಲ್ಲಿನ ಹಿಂದೆ ಡಬ್ಬಿ ಇಟ್ಟ, ವೆಬ್‌ಸೈಟಿಗೆ ಹಾಕಿ ನೆಮ್ಮದಿಯಾಗಿ ಮಲಗಿದ. ವಾರವಾಗುವುದರೊಳಗೆ ಕಂಪೌಂಡರ್ ಬರೆದ. ಕಂಪೌಂಡರ್ ಎಂದರೆ ಆಟದಲ್ಲಿ ಅವನ ಹೆಸರೂ ಹೌದು, ಕೆಲಸವೂ ಹೌದು. ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಚೀಟಿ ನೋಡಿ ಔಷಧಿ ಕೊಡುವವನು, ಯಾರ ಮೇಲೂ ಎತ್ತರದ ದನಿ ಮಾಡಿದವನಲ್ಲ. ‘ಗುರುಗಳೇ, ಲೆಕ್ಕ ಮಾಡಿಕೊಂಡು ಹೋದೆ. ತೊಂಬತ್ತು ಮೀಟರ್ ಆಚೆ ಕೊಳದಲ್ಲಿ ಮೊಣಕಾಲುದ್ದ ಇಳಿದೆ. ಹೆಬ್ಬಾತು ಕಚ್ಚಿತು. ಕೊನೆಯ ಕಲ್ಲಿನಲ್ಲಿ ನನಗೆ ಕಂಡದ್ದು ಎಪ್ಪತ್ಮೂರು. ತಪ್ಪು ನನ್ನದೇ ಇರಬೇಕು.’ ಎಲ್ಲರೂ ಓದುವ ಪುಟ ಅದು. ಎಷ್ಟು ವಿನಯವಾಗಿ ಬರೆದಿದ್ದ! ಇವನು ಎದ್ದು ಹೋಗಿ ಕಲ್ಲು ನೋಡಿ ಬಂದು ಉತ್ತರಿಸಬಹುದಿತ್ತು. ಆದರೆ ಅದೇ ಕೈಯಲ್ಲಿ, ಎರಡನೆಯ ನಿಮಿಷಕ್ಕೆ, ‘ಕಲ್ಲನ್ನು ಹತ್ತಿರ ಹೋಗಿ ನೋಡುವುದು ಈ ಆಟದ ಮೊದಲ ಪಾಠ’ ಎಂದು ಕುಟ್ಟಿ ಕಳಿಸಿದ. ಹದಿನಾಲ್ಕು ಜನ ಅದಕ್ಕೆ ಹೆಬ್ಬೆರಳು ಎತ್ತಿದರು.

ಮನೆಯ ಮುಂದೆ ಕಾರು ನಿಲ್ಲಿಸುತ್ತಿದ್ದಂತೆ ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಎಂಬತ್ತು ಮುಟ್ಟಿದ ಹೆಂಗಸು. ಹೊಲ ಅವರದು, ಗೋರಿಗಳು ಅವರ ಮನೆತನದವು, ಹೆಬ್ಬಾತುಗಳೂ ಅವರವೇ. ಆಟದವರೆಲ್ಲ ಅವರನ್ನು ದೊಡ್ಡಮ್ಮ ಎಂದೇ ಕರೆಯುವುದು. “ಬಂದ್ರಾ ಇನ್ಸ್‌ಪೆಕ್ಟ್ರೇ? ಬಚ್ಚಲು ಈ ಕಡೆ. ಮೊದ್ಲು ಹೋಗಿ ಬನ್ನಿ” ಎಂದರು. ಪ್ರತಿ ಸಲವೂ ಇದೇ ಸ್ವಾಗತ. ಬೇರೆ ಯಾರಿಗೂ ಹೀಗೆ ಹೇಳಿದ್ದನ್ನು ಅವನು ಕೇಳಿರಲಿಲ್ಲ. ವಯಸ್ಸಾಗಿದೆ ಎನ್ನುತ್ತಿದ್ದಾರೆಯೇ, ದೂರದಿಂದ ಬಂದವನೆಂಬ ಕಾಳಜಿಯೇ, ತಿಳಿಯದೆ ಎರಡು ವರ್ಷದಿಂದ ಮುಜುಗರಪಡುತ್ತಿದ್ದ. “ಬೇಡ ದೊಡ್ಡಮ್ಮ, ಈಗಷ್ಟೇ...” “ಬೇಡ ಅನ್ಬೇಡಿ. ಹೋಗಿ ಬನ್ನಿ. ಆಮೇಲೆ ಗೋರಿ ಹತ್ರ ಹೋಗುವಿರಂತೆ.” ಹೋದ. ನಡುಮನೆಯನ್ನು ದಾಟಿ ಹೋಗಬೇಕು. ಗೋಡೆಯ ಮೇಲೆ ಒಂದು ಚೌಕ ಮಾತ್ರ ಉಳಿದ ಗೋಡೆಗಿಂತ ಬೆಳ್ಳಗಿತ್ತು, ನೆತ್ತಿಯಲ್ಲೊಂದು ಮೊಳೆಯ ತೂತು. ಅಲ್ಲಿದ್ದ ಪಟ ದೊಡ್ಡಮ್ಮನ ಅಜ್ಜಿಯದು. ಅದು ಈಗ ಅಡಿಗೆಮನೆಯಲ್ಲಿ ಹಿಟ್ಟಿನ ಡಬ್ಬದ ಹಿಂದೆ ಮುಖ ಗೋಡೆಗೆ ಮಾಡಿಕೊಂಡು ಕೂತಿದೆ ಎಂದು ಅವನಿಗೆ ಗೊತ್ತಿತ್ತು. ಯಾಕೆಂದೂ ಗೊತ್ತಿತ್ತು. ಹೋದ ವರ್ಷ ದೊಡ್ಡಮ್ಮನೇ ಹೇಳಿದ್ದರು.

ಅವರ ಅಜ್ಜಿ ಹುಟ್ಟಿದ್ದು ಸಾವಿರದ ಎಂಟುನೂರ ಎಪ್ಪತ್ತೈದರಲ್ಲಿ, ಮೂಲೆಯ ಕಲ್ಲಿನ ಆ ಮಗುವಿನ ತಂಗಿಯಾಗಿ. ‘ನನ್ನ ಅಕ್ಕನ ಮುಖಾನೇ ನಾನು ನೋಡ್ಲಿಲ್ಲ, ನಾನು ಹುಟ್ಟೋಕೆ ಎರಡು ವರ್ಷ ಮುಂಚೆ ಹೋಗ್ಬಿಟ್ಳು’ ಎಂದು ಮುದುಕಿ ಸಾಯುವವರೆಗೂ ಹೇಳುತ್ತಿದ್ದಳಂತೆ. ಆ ಅಕ್ಕನಿಗೆಂದು ಹೊಲಿದಿದ್ದ ಒಂದು ಪುಟ್ಟ ಟೊಪ್ಪಿಗೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದಳಂತೆ. ಆಟದವರು ಬರತೊಡಗಿದ ಮೇಲೆ ಯಾರೋ ಕಲ್ಲನ್ನು ಜೋರಾಗಿ ಓದಿ ಹೇಳಿದರು: ಎಪ್ಪತ್ತೆಂಟು. ದೊಡ್ಡಮ್ಮ ಬೆರಳು ಮಡಿಸಿ ಎಣಿಸಿದರು. ಅಕ್ಕ ಸಾಯುವಾಗ ತಂಗಿಗೆ ಮೂರು ವರ್ಷ. ಮುಖ ನೋಡದೆ ಇರುವುದು ಹೇಗೆ? ಒಂದೇ ಹಾಸಿಗೆಯಲ್ಲಿ ಮಲಗಿರಬೇಕು! “ಅಂದ್ರೆ ಸುಳ್ಳು ಹೇಳಿದ್ಳು ನೋಡಿ, ಜೀವಮಾನ ಪೂರ್ತಿ” ಎಂದಿದ್ದರು ಅವನಿಗೆ. “ಏನೋ ಆಗಿದೆ ಅಲ್ಲಿ. ಇವಳೇ ಏನೋ ಮಾಡಿರ್ಬೇಕು, ಆಟ ಆಡ್ತಾ ತಳ್ಳಿರ್ಬೇಕು, ಆಮೇಲೆ ಮನೆಯವರೆಲ್ಲ ಸೇರಿ ನೀನು ಹುಟ್ಟೇ ಇರ್ಲಿಲ್ಲ ಅಂತ ಹೇಳ್ಕೊಟ್ಟಿರ್ಬೇಕು. ಇಲ್ದಿದ್ರೆ ಆ ಟೊಪ್ಪಿಗೆ ಹಿಡ್ಕೊಂಡು ಅಳೋದು ಯಾಕೆ? ನಾನು ಅವಳ ತೊಡೆ ಮೇಲೆ ಬೆಳೆದೋಳು. ನಂಗೂ ಹೇಳ್ಲಿಲ್ಲವಲ್ಲ.” ಅವನು ಆಗ ತುಟಿ ಪಿಟಕ್ಕೆನ್ನದೆ ಕೂತಿದ್ದ. ಬಿಸ್ಕತ್ತು ಕೊಟ್ಟರೆ ತಿಂದೂ ತಿಂದಿದ್ದ. ಈಗ ಬಚ್ಚಲಿನಲ್ಲಿ ಬೇಡದ ನೀರನ್ನು ಸುಮ್ಮನೆ ಸುರಿದು ಸದ್ದು ಮಾಡಿ ಹೊರಗೆ ಬಂದ.

ಗೋರಿಗಳ ಹತ್ತಿರ ಕಂಪೌಂಡರ್ ಆಗಲೇ ಮೊಣಕಾಲೂರಿ ಹುಲ್ಲು ಕೀಳುತ್ತಿದ್ದ. ಉಳಿದವರೆಲ್ಲ ಒಂದೊಂದು ನೆವ ಹೇಳಿ ತಪ್ಪಿಸಿಕೊಂಡಿದ್ದರು, ಇಬ್ಬರೇ. “ಗುರುಗಳೇ!” ಎಂದು ಎದ್ದವನು ಕಲ್ಲೊಂದಕ್ಕೆ ಕಾಲು ತಗುಲಿ ಮುಗ್ಗರಿಸಿದ. ಮೂಗಿನ ಮೇಲೆ ಸೀಸೆಯ ತಳದಷ್ಟು ದಪ್ಪನೆಯ ಕನ್ನಡಕ. ಅದರ ಹಿಂದೆ ಅವನ ಕಣ್ಣುಗಳು ಎರಡು ಪಟ್ಟು ದೊಡ್ಡದಾಗಿ, ಎರಡು ಪಟ್ಟು ಸಾಧುವಾಗಿ ಕಾಣುತ್ತಿದ್ದವು. ಎರಡನೆಯ ಸಲ ಬಂದು ನೋಡಿದಾಗ ಕಲ್ಲಿನಲ್ಲಿ ಎಂಟೇ ಇದೆ ಎಂದು ಕಂಡು, ಎಲ್ಲರೆದುರು ಕ್ಷಮೆ ಕೇಳಿ, ಕಣ್ಣು ತೋರಿಸಿಕೊಳ್ಳುತ್ತೇನೆ ಎಂದು ಬರೆದಿದ್ದ; ಬರೆದ ಹಾಗೆ ಮಾಡಿಯೂ ಇದ್ದ. “ಕನ್ನಡಕ ಒಗ್ಗಿತಾ?” ಎಂದು ಕೇಳದೆ ಇರಲು ಇವನಿಂದಾಗಲಿಲ್ಲ, ಹುಣ್ಣನ್ನು ಒತ್ತಿ ನೋಡಿದ ಹಾಗೆ. “ಎಲ್ಲಿ ಒಗ್ಗುತ್ತೆ ಗುರುಗಳೇ, ನೆಲ ಒಂದಡಿ ಮೇಲೆ ಬಂದಂಗೆ ಇರುತ್ತೆ. ನಿಜ ಹೇಳ್ಬೇಕು ಅಂದ್ರೆ ಡಾಕ್ಟ್ರು ಕಣ್ಣಲ್ಲಿ ಏನೂ ದೋಷ ಇಲ್ಲ ಅಂದಿದ್ರು. ನಾನೇ ‘ಇಲ್ಲ ಸಾರ್, ಮೂರು ಎಂಟು ಗೊತ್ತಾಗ್ತಿಲ್ಲ ನಂಗೆ’ ಅಂತ ಬಲವಂತ ಮಾಡಿ ಬರೆಸ್ಕೊಂಡೆ.” ಎಂದು ನಕ್ಕ. ಆಮೇಲೆ ಹುಲ್ಲಿನ ಕಡೆ ನೋಡುತ್ತ, “ಕೌಂಟರ್ ಬಿಟ್ಟೆ, ಹೇಳ್ಲಿಲ್ಲ ಅಲ್ವಾ ನಿಮ್ಗೆ? ಚೀಟಿಯಲ್ಲಿ ಮೂರು ಮಾತ್ರೆ ಅಂತಿದ್ರೆ ಎಂಟು ಕೊಟ್ಬಿಟ್ರೆ? ಯಾರದೋ ಜೀವ. ನಾನೇ ಕೇಳ್ಕೊಂಡು ಗೋದಾಮಿಗೆ ಹಾಕಿಸ್ಕೊಂಡೆ. ಹತ್ತಿ, ಬ್ಯಾಂಡೇಜು, ಗ್ಲೌಸು. ತೊಂದ್ರೆ ಇಲ್ಲ, ಅಲ್ಲಿ ಓದೋದು ಕಮ್ಮಿ. ಜನಾನೇ ಬರಲ್ಲ ಅನ್ನೋದೊಂದು ಬೇಜಾರು” ಎಂದ. ಇಪ್ಪತ್ತು ವರ್ಷ ಜನರ ಮುಖ ನೋಡಿ, ಊಟಕ್ಕೆ ಮುಂಚೆ ಒಂದು, ಆಮೇಲೆ ಒಂದು ಎಂದು ಹೇಳಿಕೊಂಡು ಬಂದ ಮನುಷ್ಯ. ಇನ್ಸ್‌ಪೆಕ್ಟರು ಬ್ರಷ್ಷನ್ನು ನೀರಿಗೆ ಅದ್ದಿ ಯಾರದೋ ಮುತ್ತಾತನ ಕಲ್ಲಿನ ಬೆನ್ನನ್ನು ಉಜ್ಜಲು ಕೂತ. ಮುಖ ಕಾಣಿಸದಂತೆ ಉಜ್ಜಿದ.

ಆಚೆ ಕಲ್ಲುಕುಟಿಗ ಕಲ್ಲಿನಿಂದ ಕಲ್ಲಿಗೆ ಸರಿಯುತ್ತ ಬರುತ್ತಿದ್ದ. ಒಣಗಿದ, ಮಾತು ಕಡಿಮೆಯ ಮನುಷ್ಯ. ಎರಡು ದಿನದಿಂದ ಎಂಟು ಕಲ್ಲು ಮುಗಿಸಿದ್ದ, ಇವತ್ತಿಗೆ ಮೂರು. ಇಲ್ಲೂ ಎಂಟು, ಇಲ್ಲೂ ಮೂರು! ಉಳಿಯ ಟಕ್ ಟಕ್ ಸದ್ದು ಒಂದೇ ಸಮ. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ತಾನೂ ಮಾಡಿದ್ದಾನಲ್ಲ. ಕಂಪೌಂಡರನಿಗೆ ಪಾಠ ಹೇಳಿದ ಮರುದಿನ, ಬುಧವಾರ ಮಧ್ಯಾಹ್ನ, ಆಫೀಸಿಗೆ ತಲೆನೋವು ಎಂದು ಹೇಳಿ ಇಲ್ಲಿಗೆ ಬಂದಿದ್ದ. ಹೆಬ್ಬಾತುಗಳು ಕೊಳದಲ್ಲಿದ್ದವು. ಪಾಚಿ ಕೆರೆದು ನೋಡಿದರೆ ಮೂರು. ದುಂಡಗಿನ, ಮುದ್ದಾದ, ಸಂಶಯಕ್ಕೆ ಎಡೆಯೇ ಇಲ್ಲದ ಮೂರು; ಎಡಗಡೆ ಎರಡು ಬಾಯಿ ತೆರೆದುಕೊಂಡು ಅವನನ್ನು ನೋಡಿ ನಗುತ್ತಿತ್ತು. ಹೋಗಿ ವೆಬ್‌ಸೈಟಿನಲ್ಲಿ ಒಂದು ಸಾಲು ಬದಲಿಸಿದ್ದರೆ ಮುಗಿಯುತ್ತಿತ್ತು. ಕೆಂಪು ಅಕ್ಷರ ಬೀಳುತ್ತಿತ್ತು, ಹದಿನಾಲ್ಕು ಹೆಬ್ಬೆರಳುಗಳು ಕೆಳಗಿಳಿಯುತ್ತಿದ್ದವು, ಅಷ್ಟೇ. ಅವನು ಅದರ ಬದಲು ಕಾರಿನಿಂದ ಇಲಾಖೆಯ ಚೀಲ ತಂದ. ಬಟ್ಟಿನ ತಳದ ಹಳೆಯ ಸೀಸ ಕೆರೆದು ತೆಗೆಯುವ ಸಣ್ಣ ಉಳಿ, ಸಣ್ಣ ಸುತ್ತಿಗೆ. ಕುಕ್ಕರುಗಾಲಲ್ಲಿ ಕೂತು, ಆಚೆ ಈಚೆ ನೋಡಿ, ಮೂರರ ಎರಡೂ ಬಾಯಿಗಳನ್ನು ಮುಚ್ಚಿದ. ನಾಲ್ಕು ನಿಮಿಷ. ಮೇಲೆ ಮಣ್ಣು ಸವರಿ, ಕಿತ್ತ ಪಾಚಿಯನ್ನೇ ಉಗುಳಿನಿಂದ ಅಂಟಿಸಿದ. ನಾಚಿಕೆಗೇಡಿನ ಮಾತೆಂದರೆ, ಎದ್ದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ಅವನಿಗೆ ಹೆಮ್ಮೆಯೂ ಆಗಿತ್ತು. ಒಳ್ಳೆಯ ಎಂಟು. ಆ ಹೊತ್ತಿನಲ್ಲಿ ಆ ಮಗುವಿನ ನೆನಪೇ ಬರಲಿಲ್ಲ. ಅದೊಂದು ಮಗು ಎಂದು ಹೊಳೆದದ್ದೇ ತಿಂಗಳುಗಳಾದ ಮೇಲೆ, ಬಸ್ಸಿನಲ್ಲಿ ಯಾರದೋ ಮೂರು ವರ್ಷದ ಹುಡುಗಿ ಅವನ ಶರ್ಟಿನ ಗುಂಡಿ ಹಿಡಿದು ಎಳೆದಾಗ.

“ಇನ್ನೊಂದೇ” ಎಂದ ಕಲ್ಲುಕುಟಿಗ, ಹತ್ತನೆಯ ಕಲ್ಲಿನಿಂದ ಎದ್ದು. ದೊಡ್ಡಮ್ಮ ಎಲ್ಲರಿಗೂ ಚಹಾ ತಂದಿದ್ದರು. ಲೋಟ ಗೋಡೆಯ ಮೇಲಿಟ್ಟು, ಮೂಲೆಯ ಚಿಕ್ಕ ಕಲ್ಲಿನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತರು. “ಇದನ್ನ ಚೆನ್ನಾಗಿ ಆಳವಾಗಿ ಕೆತ್ತಪ್ಪ. ನಮ್ಮಜ್ಜಿ ಮುಚ್ಚಿಟ್ಟಿದ್ದು ಇದು. ಇನ್ನು ಯಾರೂ ಮುಚ್ಚೋಕಾಗ್ಬಾರ್ದು.” ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಕಲ್ಲುಕುಟಿಗ ಕೂತು ಮೊದಲು ಕೈಬೆರಳಿನಿಂದ ಅಕ್ಷರಗಳನ್ನು ಸವರಿದ, ಕುರುಡ ಮುಖ ಸವರುವ ಹಾಗೆ. ಕೊನೆಯ ಅಂಕಿಗೆ ಬಂದು ಬೆರಳು ನಿಂತಿತು. ಮತ್ತೆ ಸವರಿದ. “ಈ ಎಂಟು ಒಂದೇ ಕೈದಲ್ಲ” ಎಂದ.

ಇನ್ಸ್‌ಪೆಕ್ಟರು ಉಜ್ಜುವುದನ್ನು ನಿಲ್ಲಿಸಿದ. “ಹಂಗಂದ್ರೆ?” ಎಂದರು ದೊಡ್ಡಮ್ಮ. “ಬಲಗಡೆ ಕೆಲಸ ಚೆನ್ನಾಗಿದೆ. ಎಡಗಡೆ ಬೇರೆ ಉಳಿ, ಮೊಂಡು. ಕೈಯೂ ಮೊಂಡು” ಎಂದು ಕಲ್ಲುಕುಟಿಗ ಮೂಗು ಮುರಿದ. ಒಳ್ಳೆಯ ಎಂಟು ಎಂದುಕೊಂಡಿದ್ದನ್ನು ಹೀಗೆನ್ನುತ್ತಾನಲ್ಲ ಎಂದು ಇನ್ಸ್‌ಪೆಕ್ಟರಿಗೆ ಆ ಗಳಿಗೆಯಲ್ಲೂ ಸಣ್ಣಗೆ ಅವಮಾನವಾಯಿತು. “ಅವಾಗಿನ ಕೆಲ್ಸದೋನು ಮಧ್ಯಾಹ್ನ ಊಟದ ಜೊತೆ ಸ್ವಲ್ಪ ಏರಿಸ್ಕೊಂಡು ಬಂದಿದ್ದ ಅನ್ಸುತ್ತೆ. ಅದಕ್ಕೇನು, ಆಳ ಮಾಡಿದ್ರೆ ಎಲ್ಲ ಒಂದೇ ಆಗೋಗುತ್ತೆ.” ದೊಡ್ಡಮ್ಮ ನಕ್ಕರು, ಕಂಪೌಂಡರ್ ನಕ್ಕ, ಎಲ್ಲರಿಗಿಂತ ಜೋರಾಗಿ ಇನ್ಸ್‌ಪೆಕ್ಟರು ನಕ್ಕ. ಬಚಾವಾದೆ! ನೂರೈವತ್ತು ವರ್ಷದ ಹಿಂದಿನ ಒಬ್ಬ ಅನಾಮಧೇಯ ಕೆಲಸಗಾರ ಕುಡುಕನೆಂಬ ಹೆಸರು ಹೊತ್ತುಕೊಂಡು ಅವನನ್ನು ಉಳಿಸಿದ್ದ. ಅಜ್ಜಿ ಸುಳ್ಳಿ, ಕಂಪೌಂಡರ್ ಕುರುಡ, ಕಲ್ಲಿನವನು ಕುಡುಕ. ಗುಲಗಂಜಿಯೊಬ್ಬ ಮಾತ್ರ ಸರಿ. ಇನ್ನು ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಇನ್ನೂರು ವರ್ಷ ಸರಿ.

ಕಲ್ಲುಕುಟಿಗ ಉಳಿಯನ್ನು ಎಂಟರ ಎಡ ಮಗ್ಗುಲಿಗೆ ಇಟ್ಟು ಸುತ್ತಿಗೆ ಎತ್ತಿದ. ಕಂಪೌಂಡರ್ ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ. ಕನ್ನಡಕವನ್ನು ಹಣೆಗೆ ಏರಿಸಿ ನೋಡಿದ, ಇಳಿಸಿ ನೋಡಿದ, ಒಂದು ಕಣ್ಣು ಮುಚ್ಚಿ ನೋಡಿದ. “ಅಲ್ಲ, ನಂಗೆ ಅವತ್ತು...” ಎಂದು ಸುರುಮಾಡಿ ನಿಲ್ಲಿಸಿದ. “ಏನಿಲ್ಲ ಬಿಡಿ. ನನ್ ಕಣ್ಣು” ಎಂದು ಹಿಂದೆ ಸರಿದು ನಿಂತ.

“ನಿಲ್ಸಿ!” ಎಂದ ಇನ್ಸ್‌ಪೆಕ್ಟರು. ಗಂಭೀರವಾಗಿ ಹೇಳಬೇಕೆಂದಿದ್ದ, ಬಂದದ್ದು ಕೀರಲು ದನಿ, ಕೊಳದ ಹೆಬ್ಬಾತುಗಳು ಅದಕ್ಕೆ ಉತ್ತರ ಕೊಟ್ಟವು. “ಅದು ನಂದು.” “ಯಾವ್ದು ನಿಮ್ದು?” ಎಂದರು ದೊಡ್ಡಮ್ಮ, ಚಹಾ ಲೋಟದ ಕಡೆ ನೋಡುತ್ತ. “ಎಂಟು. ಎಡಗಡೆ ಅರ್ಧ ನಂದು. ಅಲ್ಲಿ ಮೂರಿತ್ತು. ಮಗು ಸತ್ತಿದ್ದು ಎಪ್ಪತ್ಮೂರಲ್ಲೇ. ನಾನು ತಪ್ಪು ಓದಿ ಲೆಕ್ಕ ಹಾಕಿದ್ದೆ, ಒಪ್ಕೊಳ್ಳೋಕೆ ಆಗ್ಲಿಲ್ಲ, ಬಂದು ಕಲ್ಲನ್ನೇ ತಿದ್ದಿದೆ.” ಹೇಳಲು ಎರಡು ವರ್ಷ ಹಿಡಿದದ್ದು ಹೇಳುವಾಗ ನಾಲ್ಕು ಸಾಲೂ ಆಗಲಿಲ್ಲ. ಕಲ್ಲುಕುಟಿಗ ಸುತ್ತಿಗೆಯನ್ನು ನೆಲಕ್ಕಿಟ್ಟು ಅವನ ಕೈಗಳನ್ನು ನೋಡಿದ, ಆ ಮೊಂಡು ಕೆಲಸ ಈ ಕೈಗಳದ್ದೇ ಎಂದು ಒಪ್ಪಿಕೊಂಡವನ ಹಾಗೆ.

“ಯಾವಾಗ?” ಎಂದರು ದೊಡ್ಡಮ್ಮ ಕೊನೆಗೆ. “ಎರಡು ವರ್ಷ ಆಯ್ತು. ಒಂದು ಬುಧವಾರ ಮಧ್ಯಾಹ್ನ.” “ಕಂದು ಸ್ವೆಟರ್ ಹಾಕ್ಕೊಂಡಿದ್ಯಾ?” ಬಹುವಚನ ಯಾವಾಗಲೋ ಬಿದ್ದುಹೋಗಿತ್ತು. “ಹೌದು.” “ಈ ಕಡೆ ಬೆನ್ನು ಮಾಡಿ, ಕುಕ್ಕರುಗಾಲಲ್ಲಿ ಕೂತು, ಅತ್ತ ಇತ್ತ ನೋಡ್ತಿದ್ದೆ.” “ಹೌದು.” ದೊಡ್ಡಮ್ಮ ಅಡಿಗೆಮನೆಯ ಕಿಟಕಿಯ ಕಡೆ ಕೈ ತೋರಿಸಿದರು. “ಅಲ್ಲಿಂದ ನೋಡಿದ್ದೆ ಕಣೋ ನಿನ್ನ. ಪಾಪ, ದೊಡ್ಡ ಆಫೀಸರು, ತಡ್ಕೊಳ್ಳೋಕೆ ಆಗಿಲ್ಲ, ಹೊಟ್ಟೆ ಕೆಟ್ಟಿರ್ಬೇಕು, ಹೇಳಿದ್ರೆ ನಾಚ್ಕೋತಾರೆ ಅಂತ ಯಾರ್ಗೂ ಹೇಳ್ದೆ ಬಾಯಿ ಮುಚ್ಕೊಂಡಿದ್ದೆ. ನೀನು ಹೋದ್ಮೇಲೆ ಎರಡು ಬಕೆಟ್ ನೀರು ಹೊತ್ಕೊಂಡು ಬಂದು ಇಲ್ಲೆಲ್ಲಾ ಸುರಿದೆ.” ಎರಡು ವರ್ಷದ ‘ಬಚ್ಚಲು ಈ ಕಡೆ’ ಎಲ್ಲವೂ ಒಟ್ಟಿಗೆ ಅವನ ತಲೆಯ ಮೇಲೆ ಬಿದ್ದಿತು. ದೊಡ್ಡಮ್ಮ ಹತ್ತಿರ ಬಂದು, ಕಲ್ಲನ್ನು ಒಮ್ಮೆ, ಅವನನ್ನು ಒಮ್ಮೆ ನೋಡಿದರು. “ಅದನ್ನೇ ಮಾಡಿ ಹೋಗಿದ್ರೆ ಚೆನ್ನಾಗಿತ್ತಲ್ಲೋ. ಅದಾದ್ರೆ ಎರಡು ಬಕೆಟ್ ನೀರಿಗೆ ಹೋಗ್ತಿತ್ತು.”

ಕಂಪೌಂಡರ್ ಬೈಯುತ್ತಾನೆಂದು ಇನ್ಸ್‌ಪೆಕ್ಟರು ಕಾದ. ಹೊಡೆಯಲಿ ಎಂದೂ ಆಸೆಪಟ್ಟ. ಕಂಪೌಂಡರ್ ಕನ್ನಡಕ ತೆಗೆದು, ಕಲ್ಲಿನ ಮುಂದೆ ಮೊಣಕಾಲೂರಿ, ಎಡಗಡೆಯ ಮೊಂಡು ಗೀರುಗಳಿಗೆ ಹೆಬ್ಬೆರಳು ಅಡ್ಡ ಹಿಡಿದು, ಒಂದನೆಯ ತರಗತಿಯ ಮಗುವಿನ ಹಾಗೆ ಬಿಡಿಬಿಡಿಯಾಗಿ ಓದಿದ. “ಒಂದು. ಎಂಟು. ಏಳು. ಮೂರು.” ಮತ್ತೊಮ್ಮೆ ಓದಿದ. “ಎರಡು ವರ್ಷ ಹತ್ತಿ ಎಣಿಸಿದೀನಿ ರೀ” ಎಂದ, ತಿರುಗಿ ನೋಡದೆ. ಗುರುಗಳೇ ಎನ್ನಲಿಲ್ಲ, ಆಮೇಲೆ ಯಾವತ್ತೂ ಅನ್ನಲಿಲ್ಲ. ಎದ್ದು ಉತ್ತರದ ಗೋಡೆಗೆ ಹೋಗಿ, ಸಡಿಲ ಕಲ್ಲು ಸರಿಸಿ, ಡಬ್ಬಿ ತೆಗೆದು, ಗೋಲಿ ಗುಂಡಿಗಳ ನಡುವೆ ಆ ದಪ್ಪ ಕನ್ನಡಕವನ್ನು ಮಡಿಸಿಟ್ಟು ಮುಚ್ಚಳ ಒತ್ತಿದ. ವಾಪಸು ಬರುವಾಗ ಎಲ್ಲೂ ಮುಗ್ಗರಿಸಲಿಲ್ಲ. ಇನ್ಸ್‌ಪೆಕ್ಟರಿಗೆ ಅಳು ಬಂತು. ಅಳುವ ಹಕ್ಕೂ ತನಗಿಲ್ಲ ಎಂದು ತಿಳಿದಿದ್ದರಿಂದ ಬ್ರಷ್ಷನ್ನು ನೀರಲ್ಲಿ ಅದ್ದಿ ತೆಗೆದು, ಅದ್ದಿ ತೆಗೆದು ಮಾಡಿದ.

ಕೆತ್ತಿದ್ದನ್ನು ಅಳಿಸಲು ಬರುವುದಿಲ್ಲ, ಸುಣ್ಣಕ್ಕೆ ಕಲ್ಲಿನ ಪುಡಿ ಕಲಸಿ ತುಂಬಬಹುದು ಎಂದ ಕಲ್ಲುಕುಟಿಗ. “ಕಲೆ ಕಾಣುತ್ತೆ. ಮಳೆಗೆ ಬಿಟ್ಕೊಳ್ಳುತ್ತೆ. ವರ್ಷಕ್ಕೊಂದ್ಸಲ ತುಂಬ್ಬೇಕು.” “ತುಂಬ್ತಾನೆ” ಎಂದರು ದೊಡ್ಡಮ್ಮ, ಅವನ ಕಡೆ ನೋಡದೆ. “ಕೆಲ್ಸ ಹೇಳ್ಕೊಡಿ ಅವನಿಗೆ. ಕೈ ಮೊಂಡು ಅಂದ್ರಲ್ಲ.” ಹೀಗಾಗಿ ಇನ್ಸ್‌ಪೆಕ್ಟರು ಒಂದು ಗಂಟೆ ಕಾಲ ಕಲ್ಲುಕುಟಿಗನ ಬೈಗುಳ ತಿನ್ನುತ್ತ, ಕಡ್ಡಿಯ ತುದಿಯಲ್ಲಿ ಸುಣ್ಣ ಹಿಡಿದು, ತಾನು ಮುಚ್ಚಿದ್ದ ಬಾಯಿಗಳನ್ನು ತೆರೆದ. ಮೂರರ ಪಕ್ಕದಲ್ಲಿ ಬಿಳಿಯ ಎರಡು ಗೀರು ಉಳಿದವು. ಆಮೇಲೆ ಗೋಡೆಯ ಮೇಲೆ ಕೂತು ಫೋನಿನಲ್ಲಿ ಪುಟ ತೆರೆದು ಬರೆದ: ‘ಹನ್ನೊಂದನೆಯ ಕಲ್ಲಿನ ಕೊನೆಯ ಅಂಕಿ ಮೂರು. ಅದಕ್ಕೆ ಐದು ಕೂಡಿಸಿಕೊಳ್ಳಿ. ಕಲ್ಲೂ ಸರಿಯಾಗಿತ್ತು, ಕಂಪೌಂಡರ್ ಕಣ್ಣೂ ಸರಿಯಾಗಿತ್ತು. ಎಂಟು ಮಾಡಿದ್ದು ನಾನು.’ ಕೆಂಪು ಅಕ್ಷರ ಬಿತ್ತು. ಅವನು ಎಣಿಸಿದ್ದಕ್ಕಿಂತ ಚಿಕ್ಕದಾಗಿತ್ತು, ಭೂತಗನ್ನಡಿ ಬೇಕು ಎನ್ನುವಷ್ಟು.

ಹೊರಡುವ ಹೊತ್ತಿಗೆ ದೊಡ್ಡಮ್ಮ ಒಳಗಿನಿಂದ ಕೂಗಿದರು, “ದೂರ ಹೋಗೋನು, ಬಚ್ಚಲಿಗೆ ಹೋಗಿ ಬಾ.” ಅಗತ್ಯವಿರಲಿಲ್ಲ. ಆದರೂ ಹೋದ. ಕದ ಹಾಕಿಕೊಂಡು, ಏನೂ ಮಾಡದೆ, ತನ್ನದೇ ಸುಣ್ಣ ಮೆತ್ತಿದ ಬೆರಳುಗಳನ್ನು ನೋಡುತ್ತ ನಿಂತಿದ್ದಾಗ ಗೋಡೆಯಾಚೆ ನಡುಮನೆಯಲ್ಲಿ ಮೊಳೆ ಹೊಡೆಯುವ ಸದ್ದು ಕೇಳಿತು. ನಡುವೆ ದೊಡ್ಡಮ್ಮ ಯಾರಿಗೋ ಮೆಲ್ಲಗೆ ಹೇಳುತ್ತಿದ್ದರು, “ಸಿಟ್ಟು ಮಾಡ್ಕೋಬೇಡ ಕಣಜ್ಜಿ. ಬರ್ದಿದ್ದು ನೋಡಿ ನಂಬ್ಬಿಟ್ಟೆ. ಹಿಟ್ಟೆಲ್ಲಾ ಆಗಿದೆ ಮುಖಕ್ಕೆ, ತಾಳು.” ಅವನು ಸದ್ದು ನಿಲ್ಲುವವರೆಗೆ ಕಾದು ಹೊರಗೆ ಬಂದ. ಬೆಳ್ಳನೆಯ ಚೌಕದ ಮೇಲೆ ಅಜ್ಜಿಯ ಪಟ ಬಂದಿತ್ತು. ತುಟಿ ಬಿಗಿದ, ಯಾರಿಗೂ ಸುಳ್ಳು ಹೇಳದ ಮುಖ. ದೊಡ್ಡಮ್ಮ ಸ್ಟೂಲಿನ ಮೇಲಿಂದ, “ನೇರ ಇದೆಯಾ?” ಎಂದು ಕೇಳಿದರು. ಪಟ ಒಂದು ಕೂದಲೆಳೆ ಎಡಕ್ಕೆ ವಾಲಿತ್ತು. ಜೀವಮಾನದ ಅಭ್ಯಾಸ, ಅವನು ಬಾಯಿ ತೆರೆದ. “ನಿನ್ನನ್ನಲ್ಲ” ಎಂದರು ದೊಡ್ಡಮ್ಮ. “ಕಂಪೌಂಡ್ರೇ, ನೀವು ಬನ್ನಿ ಇಲ್ಲಿ. ನಿಮ್ಮ ಕಣ್ಣು ಬೇಕು.” ಕಂಪೌಂಡರ್ ಹೊಸ್ತಿಲು ದಾಟಿ ಬಂದು, ಬರಿಗಣ್ಣನ್ನು ಕಿರಿದು ಮಾಡಿ, ಬಹಳ ಹೊತ್ತು, ಬಹಳ ಸಂತೋಷದಿಂದ ನೋಡಿದ. “ನೇರ ಇದೆ ದೊಡ್ಡಮ್ಮ” ಎಂದ. ಇನ್ಸ್‌ಪೆಕ್ಟರು ತೆರೆದ ಬಾಯಿಯನ್ನು ಮುಚ್ಚಿಕೊಂಡು, ಹೌದೆಂದು ತಲೆಯಾಡಿಸಿದ.